ಒಂದೇ ಅಳತೆಯ ಏಳು ಕಾಳು

ಪ್ರಯೋಗಾಲಯದಲ್ಲಿ ಅವಳನ್ನು ಸೂಜಿ ಎಂದು ಕರೆಯುತ್ತಿದ್ದರು. ಕೊಂಕಿನ ಮಾತಲ್ಲ, ಕೆಲಸಕ್ಕೆ ತಕ್ಕ ಹೆಸರು. ಬೇರೆಯವರು ಮೂಟೆಗಟ್ಟಲೆ ಕಲ್ಲು ಹೊತ್ತು ತರುತ್ತಿದ್ದರು. ಅದನ್ನು ಜಜ್ಜಿ, ಜರಡಿ ಹಿಡಿದು, ನೀರಿನಲ್ಲಿ ಜಾಲಿಸಿ, ಅಯಸ್ಕಾಂತದ ಪಕ್ಕ ಹಾಯಿಸಿದ ಮೇಲೆ ಒಂದು ಮೂಟೆಗೆ ಒಂದು ಚಿಟಿಕೆ ಪುಡಿ ಉಳಿಯುತ್ತಿತ್ತು. ಆ ಚಿಟಿಕೆ ಅವಳ ಮೇಜಿಗೆ ಬರುತ್ತಿತ್ತು. ಮೈಕ್ರೋಸ್ಕೋಪಿನ ಕೆಳಗೆ, ಸ್ಪಿರಿಟ್ ತುಂಬಿದ ಗಾಜಿನ ತಟ್ಟೆಯಲ್ಲಿ, ಸೂಜಿಯ ಮೊನೆಯಿಂದ ಒಂದೊಂದೇ ಜಿರ್ಕಾನ್ ಕಾಳನ್ನು ದೂಡಿ ಬೇರೆ ಮಾಡುವುದು ಅವಳ ಕೆಲಸ. ಒಂದು ಕಾಳಿನ ಉದ್ದ ಎಂದರೆ ಎರಡು ಕೂದಲೆಳೆಯನ್ನು ಪಕ್ಕಪಕ್ಕ ಇಟ್ಟಷ್ಟು. ಸೀನು ಬಂದರೆ ಮುಖ ತಿರುಗಿಸಬೇಕು ಎಂಬುದನ್ನು ಅವಳು ಎಲ್ಲಕ್ಕಿಂತ ಮೊದಲು ಕಲಿತಿದ್ದಳು.

ಅವಳ ಗಂಡ ಭೂವಿಜ್ಞಾನಿ, ಕಲ್ಲು ಹೊರುವವರ ಪೈಕಿ. ಹಾಗೆಯೇ ಪರಿಚಯ, ಹಾಗೆಯೇ ಮದುವೆ. ತಾನು ಹೊರುವವನು, ಹೆಂಡತಿ ಆರಿಸುವವಳು, ಸಂಸಾರ ನಡೆಯಲು ಇನ್ನೇನು ಬೇಕು ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ನಗುತ್ತಿದ್ದ.

ಜಿರ್ಕಾನ್ ಗಟ್ಟಿ ಪಿಂಡ. ಸುತ್ತಲಿನ ಕಲ್ಲು ಕಾದು, ನಲುಗಿ, ಗುರುತೇ ಸಿಗದಂತೆ ಬೇರೆ ಕಲ್ಲಾದರೂ ಅದು ಉಳಿದುಕೊಳ್ಳುತ್ತದೆ. ಹುಟ್ಟುವಾಗಲೇ ಒಂದಿಷ್ಟು ಯುರೇನಿಯಂ ಒಳಗೆ ಕಟ್ಟಿಕೊಂಡಿರುತ್ತದೆ. ಆ ಯುರೇನಿಯಂ ತನ್ನ ಪಾಡಿಗೆ ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ಕಾಳಿನ ವಯಸ್ಸು ಸಿಕ್ಕಂತೆ. ಭೂಮಿಯ ಆಳದಲ್ಲಿ ಕಲ್ಲು ಮತ್ತೊಮ್ಮೆ ಕಾದರೆ ಹಳೆಯ ಕಾಳಿನ ಮೇಲೆ ಹೊಸ ಪದರ ಬೆಳೆಯುತ್ತದೆ. ತಿರುಳಿಗೆ ಒಂದು ವಯಸ್ಸು, ಅಂಚಿಗೆ ಇನ್ನೊಂದು. ಒಂದೇ ಕಾಳಿನೊಳಗೆ ಅಜ್ಜಿಯೂ ಮೊಮ್ಮಗಳೂ ಕೂತಿದ್ದಾರೆ ಎಂದು ಅವನು ಪಾಠ ಹೇಳುತ್ತಿದ್ದ.

ಅವನು ಎರಡು ವರ್ಷ ಒಂದೇ ಕಲ್ಲುಗಣಿಯ ಬೆನ್ನು ಬಿದ್ದಿದ್ದ. ಬೂದು ಪಟ್ಟೆಗಳ ಕಲ್ಲು, ನಡುನಡುವೆ ಹಾಲುಬಣ್ಣದ ಎಳೆ. ಆ ಸೀಮೆಯ ಕಲ್ಲುಗಳ ಚರಿತ್ರೆ ಎಲ್ಲರಿಗೂ ಗೊತ್ತಿದ್ದದ್ದೇ. ಎಪ್ಪತ್ತೆಂಟು ಕೋಟಿ ವರ್ಷದ ಹಿಂದೆ ಹುಟ್ಟಿದವು, ಐವತ್ತೆರಡು ಕೋಟಿ ವರ್ಷದ ಹಿಂದೆ ಒಮ್ಮೆ ಕಾದವು. ನಡುವೆ ಏನೂ ಆಗಲಿಲ್ಲ. ಅವನಿಗೆ ಸಿಕ್ಕಿದ್ದು ಆ ನಡುವಿನದು. ಏಳು ಕಾಳುಗಳ ಅಂಚಿಗೆ ಲೇಸರ್ ಹೊಡೆಸಿ ವಯಸ್ಸು ಅಳೆದಾಗ ಏಳೂ ಒಂದೇ ಬಾಯಲ್ಲಿ ಅರವತ್ತನಾಲ್ಕು ಕೋಟಿ ಎಂದವು. ಅಂದರೆ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಆ ಕಲ್ಲು ಮತ್ತೊಮ್ಮೆ ಕರಗಿತ್ತು. ಅವನು ಆ ದಿನ ಮೂರು ಮಹಡಿಯ ಮೆಟ್ಟಿಲನ್ನು ಓಡಿಕೊಂಡೇ ಹತ್ತಿ ಬಂದು, ಅಮ್ಮನನ್ನು ಕುರ್ಚಿ ಸಮೇತ ಎತ್ತಿ ಇಳಿಸಿದ್ದ.

ಲೇಖನ ಬರೆದ. ಕಾಳು ಆರಿಸಿದವಳ ಹೆಸರು ಹಾಕುವ ರೂಢಿ ಇಲ್ಲ; ಅವನು ಹಟ ಹಿಡಿದು ತನ್ನ ಹೆಸರಿನ ಪಕ್ಕದಲ್ಲೇ ಅವಳದನ್ನೂ ಹಾಕಿದ. ಮೂರನೆಯದು ಪ್ರಯೋಗಾಲಯ ನಡೆಸುತ್ತಿದ್ದ ಮೇಷ್ಟ್ರದು. ಪತ್ರಿಕೆಗೆ ಕಳಿಸಿ ಎರಡು ವಾರವಾಗಿತ್ತು, ಬೆಳಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಏಳಲಿಲ್ಲ. ಮೂವತ್ತಾರು ವರ್ಷ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು.

ಎಂಟು ತಿಂಗಳ ಮೇಲೆ ಪತ್ರಿಕೆಯಿಂದ ಉತ್ತರ ಬಂತು. ಪರಿಶೀಲಕರು ಇಬ್ಬರೂ ಮೆಚ್ಚಿದ್ದರು. ಒಬ್ಬರದು ಮಾತ್ರ ಒಂದು ಕೇಳಿಕೆ: ಲೇಸರ್ ಹೊಡೆದ ಗುಂಡಿ ಕಾಳಿನ ಯಾವ ಭಾಗದಲ್ಲಿದೆ ಎಂದು ಏಳಕ್ಕೂ ಚಿತ್ರ ಕಳಿಸಿ. ಚಿತ್ರ ಇರಲಿಲ್ಲ. ಅವನು ಲೇಸರ್ ಹೊಡೆಸಿದ ತಿಂಗಳು ಕಾಳಿನ ಒಳಪದರದ ಚಿತ್ರ ತೆಗೆಯುವ ಎಲೆಕ್ಟ್ರಾನ್ ಯಂತ್ರ ಕೆಟ್ಟು ಕೂತಿತ್ತು. ದುರಸ್ತಿಗೆ ಮೂರು ತಿಂಗಳು ಎಂದಾಗ ಅವನಿಗೆ ತಡೆಯಲಾಗಲಿಲ್ಲ. ಸಾಮಾನ್ಯ ಬೆಳಕಿನಲ್ಲಿ ಕಾಣುವ ಗೆರೆಯನ್ನೇ ಅಂಚು ಎಂದು ಹಿಡಿದು ಗುರಿ ಕೊಟ್ಟಿದ್ದ.

ಮೇಷ್ಟ್ರು ಅವಳನ್ನು ಕರೆದು, ಕಾಳುಗಳನ್ನು ಕೂರಿಸಿದ ಅಂಟಿನ ಬಿಲ್ಲೆ ಬೀರುವಿನಲ್ಲೇ ಇದೆ, ಒಂದು ಮಧ್ಯಾಹ್ನದ ಕೆಲಸ, ಚಿತ್ರ ತೆಗೆಸಿ ಕಳಿಸಿದರೆ ಮುಗಿಯಿತು ಎಂದರು. ಅವನ ಹೆಸರು ಪಠ್ಯಪುಸ್ತಕದ ಒಂದು ಸಾಲಿನಲ್ಲಾದರೂ ಉಳಿಯುತ್ತದೆ ಎಂದು ಹೇಳುತ್ತ ಅವರು ಕಣ್ಣೊರೆಸಿಕೊಂಡರು. ಅಳು ಹೇಗೆ ಶುರುವಾಗುತ್ತದೆ ಎಂಬುದೇ ಅವಳಿಗೆ ಮರೆತಂತಾಗಿತ್ತು.

ಮನೆಯಲ್ಲಿ ಅತ್ತೆ ದಿನಾ ಸಂಜೆ ಬಾಗಿಲು ತೆಗೆಯುವಾಗ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಪುಸ್ತಕ ಬಂತೇನಮ್ಮ? ಅವರ ಲೆಕ್ಕದಲ್ಲಿ ಲೇಖನವೂ ಪುಸ್ತಕವೇ. ಮೂವತ್ತು ವರ್ಷ ಶಾಲಾ ಸಮವಸ್ತ್ರ ಹೊಲಿದು ಮಗನನ್ನು ಓದಿಸಿದವರು. ಮಗನ ಪುಸ್ತಕ ಬರುವುದಿದೆ ಎಂದು ಕೆಳಗಿನ ಔಷಧದಂಗಡಿಯವನಿಗೆ, ಎದುರು ಮನೆಯವಳಿಗೆ, ಕಣ್ಣಿನ ಡಾಕ್ಟರಿಗೆ ಹೇಳಿಯಾಗಿತ್ತು. ಪೊರೆ ತೆಗೆಸಿಕೊಳ್ಳಿ ಎಂದು ಡಾಕ್ಟರು ಹೇಳಿದಾಗ, ಪುಸ್ತಕ ಬರುವುದರೊಳಗೆ ಆಗುತ್ತದಾ ಎಂದು ಕೇಳಿದ್ದರಂತೆ.

ಎಲೆಕ್ಟ್ರಾನ್ ಯಂತ್ರದ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಇಪ್ಪತ್ತು ವರ್ಷದಿಂದ ಕೂತಿರುವ ಹೆಂಗಸನ್ನು ಎಲ್ಲರೂ ಕತ್ತಲೆಯಕ್ಕ ಎನ್ನುತ್ತಿದ್ದರು. ಬಿಸಿಲು ಕಂಡರೆ ಕಣ್ಣು ಕಿರಿದು ಮಾಡುವ, ಬಾಯಿ ಮಾತ್ರ ಯಾವಾಗಲೂ ಬೆಳಗುವ ಹೆಂಗಸು. ಬಿಲ್ಲೆಯನ್ನು ಒಳಗಿಟ್ಟು, ಗಾಳಿ ತೆಗೆದು, ತೆರೆ ಹೊತ್ತಿಸುವ ತನಕ ಅವಳು ಎಂದಿನಂತೆ ಯಾರ್ಯಾರದೋ ಸುದ್ದಿ ಹೇಳುತ್ತಲೇ ಇದ್ದಳು. ಮೊದಲ ಕಾಳು ತೆರೆಯ ಮೇಲೆ ಬಂದಾಗ ಸುದ್ದಿಯನ್ನು ಅರ್ಧಕ್ಕೇ ಬಿಟ್ಟು ತೆರೆಯತ್ತ ಬಗ್ಗಿದಳು.

ಎಲೆಕ್ಟ್ರಾನ್ ತಗುಲಿದರೆ ಜಿರ್ಕಾನ್ ಮಂಕಾಗಿ ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದ್ದೆಲ್ಲ ಆಗ ಕಾಣುತ್ತದೆ. ತಿರುಳು ಈರುಳ್ಳಿ ಸೀಳಿದ ಹಾಗೆ ಪದರ ಪದರವಾಗಿ, ಒಂದೊಂದು ಗೆರೆಯೂ ಚೊಕ್ಕವಾಗಿ ಕಂಡಿತು. ಅಂಚು ಬೂದಿ ಬಣ್ಣ. ಅದರಲ್ಲಿ ಗೆರೆಯಿಲ್ಲ, ಅಂದವಿಲ್ಲ, ಹುಳ ಹೊಡೆದ ಮರದಂತೆ ಸಣ್ಣ ಸಣ್ಣ ತೂತು. ಎರಡರ ನಡುವಿನ ಗಡಿ ಅವನು ಅಂದುಕೊಂಡ ಕಡೆ ಇರಲಿಲ್ಲ. ಅಂಚು ಅವನ ಅಂದಾಜಿನ ಅರ್ಧದಷ್ಟೂ ದಪ್ಪವಿರಲಿಲ್ಲ. ಲೇಸರಿನ ಗುಂಡಿ ಅರ್ಧ ಅಂಚಿನಲ್ಲಿ, ಅರ್ಧ ತಿರುಳಿನಲ್ಲಿ, ಗಡಿಯ ಮೇಲೆ ಕಾಲು ಅಗಲಿಸಿ ನಿಂತಿತ್ತು.

"ಇದೊಂದು ಹೀಗಿರಬಹುದು, ಮುಂದಿಂದು ನೋಡೋಣ" ಎಂದಳು ಕತ್ತಲೆಯಕ್ಕ.

ಮುಂದಿನದೂ ಹಾಗೇ ಇತ್ತು. ಅದರ ಮುಂದಿನದೂ. ಐದನೆಯದರ ಹೊತ್ತಿಗೆ ಕತ್ತಲೆಯಕ್ಕ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ತೆರೆಯನ್ನು ನೋಡದೆ ಬಟನ್ ಒತ್ತುತ್ತಿದ್ದಳು. ಏಳೂ ಒಂದೇ ತರಹ.

ಪಕ್ಕದಲ್ಲಿ ನಿಂತಿದ್ದ ಅವಳಿಗೆ ಲೆಕ್ಕ ಹಾಕಲು ಕಾಗದ ಬೇಕಾಗಲಿಲ್ಲ. ಎಪ್ಪತ್ತೆಂಟರ ತಿರುಳು ಅರ್ಧ, ಐವತ್ತೆರಡರ ಅಂಚು ಅರ್ಧಕ್ಕೆ ತುಸು ಜಾಸ್ತಿ. ಕಲಸಿದರೆ ಅರವತ್ತನಾಲ್ಕು. ಅರವತ್ತನಾಲ್ಕು ಕೋಟಿ ವರ್ಷದ ಹಿಂದೆ ಆ ಗಣಿಯಲ್ಲಿ ಏನೂ ಆಗಿರಲಿಲ್ಲ. ಕಲ್ಲು ತಣ್ಣಗೆ ಕೂತಿತ್ತು.

ಕಲಬೆರಕೆಯಾದ ಅಳತೆ ಚದುರಬೇಕಿತ್ತು. ಒಂದು ಎಪ್ಪತ್ತು, ಒಂದು ಐವತ್ತೆಂಟು ಎಂದು. ಚದುರಿದ್ದರೆ ಅವನಿಗೆ ಅಂದೇ ಗುಮಾನಿ ಬರುತ್ತಿತ್ತು. ಇಂಥ ಕಲಬೆರಕೆ ಅಂಕಿಗಳನ್ನು ಅವನು ಮನೆಯಿಲ್ಲದ ವಿಳಾಸ ಎಂದು ಕರೆಯುತ್ತಿದ್ದ. ಬೇರೆಯವರ ಲೇಖನದಲ್ಲಿ ಒಮ್ಮೆ ಕಂಡುಹಿಡಿದು ಇಡೀ ಸಭೆಯೆದುರು ತಮಾಷೆ ಮಾಡಿದ್ದ. ಈ ಏಳು ಯಾಕೆ ಚದುರಲಿಲ್ಲ ಎಂಬುದು ಅವಳೊಬ್ಬಳಿಗೆ ಗೊತ್ತಿತ್ತು. ತಟ್ಟೆಯಲ್ಲಿದ್ದ ನಾಲ್ಕು ನೂರು ಕಾಳುಗಳಲ್ಲಿ ತಿಳಿಯಾದವು, ಒಂದೇ ಉದ್ದದವು, ಒಂದೇ ಚೂಪಿನವು ಎಂದು ಆರಿಸಿ ಕೊಟ್ಟವಳು ಅವಳು. ಒಂದೇ ಅಳತೆಯ ಕಾಳಿಗೆ ಒಂದೇ ದಪ್ಪದ ಅಂಚು. ಒಂದೇ ಅಗಲದ ಗುಂಡಿ, ಒಂದೇ ಜಾಗದಲ್ಲಿ. ಅದಕ್ಕೇ ಏಳೂ ಒಂದೇ ಪ್ರಮಾಣದಲ್ಲಿ ಕಲಸಿ ಒಂದೇ ಸುಳ್ಳು ಹೇಳಿದವು. ಕಣ್ಣು ಕಡಿಮೆ ಇದ್ದವರು ಯಾರಾದರೂ ಆರಿಸಿದ್ದರೆ ಅವನು ಈ ತಪ್ಪಿನಿಂದ ಉಳಿದುಕೊಳ್ಳುತ್ತಿದ್ದ.

ಆ ಬಿಲ್ಲೆ ಸಿದ್ಧವಾದ ದಿನ ಅವನು ಅದನ್ನು ಬೆಳಕಿಗೆ ಹಿಡಿದು, ಇಷ್ಟು ಅಚ್ಚುಕಟ್ಟಾಗಿ ಆರಿಸುವ ಕೈ ಇಡೀ ದೇಶದಲ್ಲಿಲ್ಲ ಎಂದಿದ್ದ.

ಕತ್ತಲೆಯಕ್ಕ ದೀಪ ಹಾಕಿದಳು. "ಸೂಜಿ, ಇದನ್ನ ನಾನು ನೋಡಿಲ್ಲ. ನೀನು ಏನು ಕಳಿಸ್ತೀಯೋ ನಿನಗೆ ಬಿಟ್ಟಿದ್ದು."

ಅವಳು ಏನನ್ನೂ ಕಳಿಸಲಿಲ್ಲ. ತಟ್ಟೆಗೆ ಮರಳಿದಳು. ಉಳಿದ ಮುನ್ನೂರ ತೊಂಬತ್ತಮೂರು ಕಾಳುಗಳು ಒಂದು ಪುಟ್ಟ ಸೀಸೆಯಲ್ಲಿದ್ದವು; ಮಬ್ಬಾದವು, ಮುರಿದವು, ಗೂನು ಬೆನ್ನಿನವು. ಇಷ್ಟರಲ್ಲಿ ಎರಡು ಮೂರು ಕಾಳು ನಿಜವಾಗಿ ಅರವತ್ತನಾಲ್ಕು ಎಂದರೆ ಸಾಕಿತ್ತು. ದಾರಿ ತಪ್ಪಿದರೂ ಅವನು ಊರು ಸೇರಿದ ಹಾಗಾಗುತ್ತಿತ್ತು. ಮೂರು ವಾರ ಬೆಳಗ್ಗೆ ಒಂಬತ್ತರಿಂದ ಐದರ ತನಕ ಕೂತು ಆರಿಸಿದಳು. ಇದೇ ಮೊದಲ ಸಲ ಅವಳು ಯಾವುದನ್ನೂ ಕೈಬಿಡಲಿಲ್ಲ. ಕತ್ತು ಹಿಡಿದುಕೊಂಡು ಒಂದು ಕಡೆಗೆ ತಿರುಗುತ್ತಿರಲಿಲ್ಲ. ಮಾತಾಡಿಸಿದವರಿಗೆ ಇಡೀ ಮೈ ತಿರುಗಿಸಿ ಉತ್ತರ ಕೊಡುತ್ತಿದ್ದಳು. ಹೊಸ ಬಿಲ್ಲೆ ಎರಕ ಹೊಯ್ದಳು, ಕಾಳುಗಳ ನಡು ಕಾಣುವ ತನಕ ಉಜ್ಜಿ ನುಣುಪು ಮಾಡಿದಳು, ಈ ಸಲ ಮೊದಲು ಚಿತ್ರ ತೆಗೆಸಿ ಆಮೇಲೆ ಗುರಿ ಕೊಟ್ಟಳು. ಲೇಸರನ್ನು ಕತ್ತಲೆಯಕ್ಕನೇ ಹಿಡಿದಳು. ಕಿರಿದಾದ ಗುಂಡಿ, ಅಂಚಿನಲ್ಲಿದ್ದರೆ ಅಂಚಿನಲ್ಲೇ, ತಿರುಳಿನಲ್ಲಿದ್ದರೆ ತಿರುಳಿನಲ್ಲೇ.

ಎರಡು ದಿನ ಅಂಕಿಗಳು ಬಂದವು. ತಿರುಳು ಎಪ್ಪತ್ತೆಂಟು. ಅಂಚು ಐವತ್ತೆರಡು. ಎಪ್ಪತ್ತೇಳು, ಐವತ್ತೊಂದು, ಎಪ್ಪತ್ತೆಂಟು, ಐವತ್ತೆರಡು. ಎರಡನೆಯ ಮಧ್ಯಾಹ್ನ ಒಂದು ಅರವತ್ತಮೂರು ಬಂತು. ಅವಳ ಕೈ ಮೇಜಿನ ಅಂಚನ್ನು ಹಿಡಿಯಿತು. ಕತ್ತಲೆಯಕ್ಕ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಗುಂಡಿಯ ತಳದಲ್ಲಿ ಒಂದು ಬಿರುಕು ತಿರುಳಿನವರೆಗೆ ಹೋಗಿತ್ತು. ಮೇಜಿನ ಅಂಚಿನಿಂದ ಅವಳು ಕೈ ತೆಗೆದಳು.

ಇನ್ನೊಂದು ಮಾತೂ ಅಂಚುಗಳ ಒಳಗಿನಿಂದ ಹೊರಬಂತು. ಆ ಕಲ್ಲು ಐವತ್ತೆರಡು ಕೋಟಿ ವರ್ಷದ ಹಿಂದೆಯೂ ಕರಗಿರಲಿಲ್ಲ. ಆ ತೂತುಗಳು, ಆ ಮಬ್ಬು, ಎಲ್ಲವೂ ಬಿಸಿನೀರಿನ ಕೆಲಸ. ಕಲ್ಲಿನ ಸಂದುಗಳಲ್ಲಿ ಹರಿದ ಕುದಿನೀರು ಕಾಳನ್ನು ಹೊರಗಿನಿಂದ ಸ್ವಲ್ಪ ಸ್ವಲ್ಪವೇ ತಿಂದು, ತಿಂದ ಜಾಗದಲ್ಲೇ ಹೊಸದನ್ನು ತುಂಬುತ್ತ ಬಂದಿತ್ತು. ಹಳೆಯ ಸೀಸ ಕೊಚ್ಚಿಹೋಗಿತ್ತು. ಹಾಗಾದ ಕಾಳಿನ ಆಕಾರ ಎಲ್ಲೂ ಕೆಡುವುದಿಲ್ಲ; ಮೂಲೆಗಳು ಮೂಲೆಗಳಾಗಿಯೇ, ಮೊನೆ ಮೊನೆಯಾಗಿಯೇ ಇರುತ್ತವೆ. ಹೊರಗಿನಿಂದ ನೋಡಿದವರಿಗೆ ಏನೂ ಆದ ಹಾಗೆ ಕಾಣುವುದಿಲ್ಲ. ಅವನು ಬರೆದ ಕಾಲವೂ ತಪ್ಪು, ಕಾರಣವೂ ತಪ್ಪು. ಸರಿಯಾಗಿದ್ದದ್ದು ಎಲ್ಲರಿಗೂ ಮೊದಲೇ ಗೊತ್ತಿದ್ದದ್ದು.

ಮೇಷ್ಟ್ರು ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ಕೂತರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ತಪ್ಪು ತಮ್ಮದೂ ಹೌದು, ಚಿತ್ರ ಬರಲಿ ಎಂದು ಅವನನ್ನು ತಡೆಯಬೇಕಿತ್ತು ಎಂದರು. ಆಮೇಲೆ ಅವರು ಏಳರಲ್ಲಿ ಎರಡನ್ನು ಬೇರೆ ತೆಗೆದು ಅವಳ ಕಡೆಗೆ ಸರಿಸಿದರು. ಆ ಎರಡರಲ್ಲಿ ಗಡಿ ಮಸುಕಾಗಿತ್ತು. ಗುಂಡಿ ಅಂಚಿನಲ್ಲೇ ಇದೆ ಎಂದು ವಾದಿಸಬಹುದಿತ್ತು.

"ಉಳಿದ ಐದು ಉಜ್ಜುವಾಗ ಕಿತ್ತು ಹೋದವು ಅಂತ ಬರೀತೀನಿ. ಅದು ಎಲ್ಲರಿಗೂ ಆಗೋದೇ, ಯಾರೂ ಕೇಳಲ್ಲ. ಹತ್ತು ವರ್ಷ ಆದಮೇಲೆ ಯಾರೋ ಬಂದು ತಪ್ಪು ಅಂತ ತೋರಿಸ್ತಾರೆ, ತೋರಿಸ್ಲಿ. ಅಷ್ಟು ದಿನ ಅವನು ಇರ್ತಾನಲ್ಲಮ್ಮ."

ನಾಳೆ ಹೇಳುತ್ತೇನೆ ಎಂದು ಅವಳು ಎದ್ದಳು. ಹತ್ತು ವರ್ಷ ಅವನು ಇರುವುದು ಅವಳಿಗೂ ಬೇಕಿತ್ತು. ಮನೆಗೆ ನಡೆಯುತ್ತ ದಾರಿಯುದ್ದಕ್ಕೂ ಅವಳು ಆ ಹತ್ತು ವರ್ಷವನ್ನು ಮನಸ್ಸಿನಲ್ಲೇ ಎತ್ತಿ ಎತ್ತಿ ತೂಗಿದಳು. ಆ ಹತ್ತು ವರ್ಷದ ಕೊನೆಯಲ್ಲಿ ಯಾರೋ ಒಬ್ಬ, ಚುರುಕು ಬಾಯಿಯವನು, ಸಭೆಯೊಂದರ ತೆರೆಯ ಮೇಲೆ ಅವನ ಏಳು ಕಾಳುಗಳನ್ನು ತೋರಿಸುತ್ತಿದ್ದ. ಕೂತವರೆಲ್ಲ ನಗುತ್ತಿದ್ದರು. ಅವನ ಪರವಾಗಿ ಎದ್ದು ನಿಲ್ಲಲು ಅಲ್ಲಿ ಅವನಿರಲಿಲ್ಲ.

ಅಂದು ಅತ್ತೆ ಬಾಗಿಲು ತೆಗೆದು ಎಂದಿನಂತೆ ಕೇಳಿದಾಗ, ಅವಳು ಚಪ್ಪಲಿ ಬಿಡುತ್ತಲೇ ಪುಸ್ತಕ ಬರುವುದಿಲ್ಲ ಎಂದಳು. ಬೇರೆ ರೀತಿಯಲ್ಲಿ ಹೇಳಲು ಅವಳಿಗೆ ಶಕ್ತಿ ಇರಲಿಲ್ಲ. ಅತ್ತೆ ಕೂತರು. ಏನಾಯಿತು ಎಂದು ಕೇಳಿದರು. ಅವಳು ತಿಳಿಯುವಂತೆ ಹೇಳಿದಳು: ಹಳೆಯ ಬಟ್ಟೆಗೂ ಹೊಸ ಬಟ್ಟೆಗೂ ನಡುವಿನ ಹೊಲಿಗೆಯ ಮೇಲೆ ಅಳತೆ ಹಿಡಿದಂತೆ, ಎರಡರದೂ ಅಲ್ಲದ ಅಳತೆ ಬಂತು.

ಅತ್ತೆ ಸೆರಗಿನ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ತಡವಿ ನೋಡಿದರು. "ಅಳತೆ ತಪ್ಪಿದ್ರೆ ಬಿಚ್ಚಿ ಹೊಲೀಬಹುದಲ್ಲ?"

"ಬಿಚ್ಚಿ ನೋಡಿದೆ ಅತ್ತೆ. ಒಳಗೆ ಬಟ್ಟೆ ಇಲ್ಲ."

"ಎಷ್ಟು ವರ್ಷದ ಹಿಂದಿಂದು ಅಂದೆ?"

ಅವಳು ಹೇಳಿದಳು.

"ಅರವತ್ತನಾಲ್ಕು ಕೋಟಿ ವರ್ಷದ ಹಿಂದೆ ಒಂದು ಕಲ್ಲು ಕರಗ್ತೋ ಬಿಡ್ತೋ, ಅದರ ಸುಳ್ಳು ಯಾರಿಗಮ್ಮ ತಾಗುತ್ತೆ? ಇರ್ಲಿ ಬಿಡಬಾರ್ದಾ?"

ಅವಳ ಹತ್ತಿರ ಉತ್ತರವಿತ್ತು. ಆ ತೆರೆ, ಆ ನಗು. ಅದನ್ನು ತಾಯಿಯೆದುರು ಹೇಳಲಾಗಲಿಲ್ಲ. ಬದಲಿಗೆ, ಕಾಳು ಆರಿಸಿದವಳು ನಾನು ಎಂದಳು. ಒಂದೇ ತರಹದವನ್ನು ಆರಿಸಿ ಕೊಟ್ಟೆ, ಅದರಿಂದಲೇ ಅವರಿಗೆ ಮೋಸವಾಯಿತು ಎಂದಳು. ಅತ್ತೆ ಬೈಯಬಹುದು ಎಂದು ಕಾದಳು. ಬೈದಿದ್ದರೆ ಏನೋ ಒಂದು ಆಗುತ್ತಿತ್ತು. ಅತ್ತೆ ಎದ್ದು, ಗೋಡೆ ಹಿಡಿದುಕೊಂಡು, ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ, ಕಣ್ಣಿನ ಡಾಕ್ಟರಿಗೆ ಬರುವುದಿಲ್ಲ ಎಂದು ಫೋನ್ ಮಾಡಲು ಹೇಳಿದರು. ಇನ್ನು ಓದುವುದೇನಿದೆ ಎಂದರು.

ಮರುದಿನ ಅವಳು ಮೇಷ್ಟ್ರಿಗೆ ಏಳೂ ಚಿತ್ರಗಳನ್ನು ಹಿಂದಕ್ಕೆ ಕೊಟ್ಟು, ಲೇಖನ ವಾಪಸು ಪಡೆಯೋಣ ಎಂದಳು. ಅವರು ವಾದಿಸಲಿಲ್ಲ. ಬರೀ ನಿನ್ನಿಷ್ಟ ಎಂದರು. ಅದರಲ್ಲಿ ಸಿಟ್ಟಿತ್ತೋ ಸಮಾಧಾನವಿತ್ತೋ ಅವಳಿಗೆ ತಿಳಿಯಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ.

ಪತ್ರಿಕೆಯ ಜಾಲತಾಣದಲ್ಲಿ ಅದಕ್ಕೊಂದು ಅರ್ಜಿಯಿತ್ತು. ಕಾರಣ ಬರೆಯಲು ಎರಡು ಸಾಲಿನ ಜಾಗ. ಗುಂಡಿಗಳು ಎರಡು ಬೇರೆ ವಯಸ್ಸಿನ ಭಾಗಗಳ ಮೇಲೆ ಬಿದ್ದಿವೆ, ತೀರ್ಮಾನ ನಿಲ್ಲುವುದಿಲ್ಲ ಎಂದು ಬರೆದಳು. ಇನ್ನೂ ಅರ್ಧ ಸಾಲು ಜಾಗ ಉಳಿಯಿತು. ಆಮೇಲೆ ಬಂದ ಪುಟ, ಲೇಖಕರೆಲ್ಲರೂ ಒಪ್ಪಬೇಕು, ಪ್ರತಿಯೊಬ್ಬರಿಗೂ ಮೇಲ್ ಹೋಗಿದೆ ಎಂದಿತು. ಅವಳು ತನ್ನದನ್ನು ತೆರೆದು ಒಪ್ಪಿದಳು. ಸಂಜೆಯೊಳಗೆ ಮೇಷ್ಟ್ರದೂ ಬಂತು. ಮೂರರಲ್ಲಿ ಎರಡು ಎಂದು ಪುಟ ತೋರಿಸುತ್ತಿತ್ತು.

ಅವನು ಸತ್ತದ್ದನ್ನು ಪತ್ರಿಕೆಯವರಿಗೆ ಯಾರೂ ತಿಳಿಸಿರಲಿಲ್ಲ. ಬ್ಯಾಂಕಿಗೆ, ಕಚೇರಿಗೆ, ಫೋನ್ ಕಂಪನಿಗೆ, ಎಲ್ಲ ಕಡೆ ಅವಳೇ ಹೋಗಿ ಪ್ರಮಾಣಪತ್ರ ಕೊಟ್ಟು ಬಂದಿದ್ದಳು. ಒಂದೊಂದು ಕಿಟಕಿಯಲ್ಲೂ ಅವನ ಹೆಸರಿಗೆ ಗೆರೆ ಎಳೆದಿದ್ದರು. ಇದೊಂದು ಕಡೆ ಮಾತ್ರ ಅವನು ಇನ್ನೂ ಇದ್ದ. ಅವನ ಉತ್ತರಕ್ಕಾಗಿ ಜನ ಕಾಯುತ್ತಿದ್ದರು. ಅವನು ಉತ್ತರಿಸದಿದ್ದರೆ ಅರ್ಜಿ ಬಿದ್ದುಹೋಗುತ್ತಿತ್ತು. ನಾಲ್ಕು ದಿನ ಅವಳು ಅದನ್ನು ಹಾಗೇ ಬಿಟ್ಟಳು. ಈ ವಿಷಯವನ್ನು ಅತ್ತೆಗೂ ಹೇಳಿದಳು: ಮೇಷ್ಟ್ರೂ ನಾನೂ ಒಪ್ಪಿದ್ದೇವೆ, ಅವರೂ ಒಪ್ಪಬೇಕಂತೆ.

ಐದನೆಯ ದಿನ ಭಾನುವಾರ. ಬೆಳಗಿನ ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು. ಅವಳು ಅವನ ಕಂಪ್ಯೂಟರು ತೆರೆದಳು. ಗುಪ್ತಪದ ಅವಳಿಗೆ ಗೊತ್ತಿತ್ತು, ಎಂದೂ ಬಳಸಿರಲಿಲ್ಲ. ಒಂಬತ್ತೂವರೆ ತಿಂಗಳಿನ ಓದದ ಮೇಲುಗಳು ಸಾಲಾಗಿ ನಿಂತಿದ್ದವು. ಯಾವುದನ್ನೂ ಮುಟ್ಟಲಿಲ್ಲ. ಬೇಕಾದದ್ದೊಂದನ್ನು ತೆರೆದಳು. ಮಾನ್ಯರೇ ಎಂದು ಶುರುವಾಗಿ, ತಮ್ಮ ಲೇಖನವನ್ನು ಹಿಂದಕ್ಕೆ ಪಡೆಯಲು ತಾವು ಸ್ವಂತ ಇಚ್ಛೆಯಿಂದ ಒಪ್ಪಿದ್ದೀರಾ ಎಂದು ಕೇಳಿತ್ತು. ಒಪ್ಪಿದ್ದೇನೆ ಎಂಬುದರ ಮೇಲೆ ಒತ್ತಿದಳು.

ತಕ್ಷಣವೇ ಇನ್ನೊಂದು ಮೇಲ್ ಬಂತು. ಅವನಿಗೆ ಧನ್ಯವಾದ ಹೇಳಿದ್ದರು. ಅವನ ಮುಂದಿನ ಸಂಶೋಧನೆಯನ್ನು ಎದುರು ನೋಡುತ್ತೇವೆ ಎಂದಿದ್ದರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ ಗೊತ್ತಾಗಿರಲಿಲ್ಲ.

"ಅವನು ಒಪ್ಪಿದ್ನಾ?"

"ಒಪ್ಪಿದ್ರು."

ಅತ್ತೆ ತಲೆಯಾಡಿಸಿದರು. ಅವರ ಕಣ್ಣು ಅವಳ ಕಡೆಗೇ ಇತ್ತು; ಎಷ್ಟು ಕಾಣುತ್ತಿತ್ತೋ ಏನೋ.

"ಅವನು ಯಾವಾಗ್ಲೂ ಅಷ್ಟೇ. ನೀನು ಏನು ಕೊಟ್ರೂ ಹೂಂ ಅಂತಿದ್ದ."